ಉತ್ತರ: ಹೆಬ್ಬೆರಳು

ಜೂನ್ 3, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ರಟ್ಟು ಹರಿದ ಒಂದು ರಿಜಿಸ್ಟರನ್ನು ಕಚೇರಿಯಲ್ಲಿ ರದ್ದಿಗೆ ಹಾಕಿದ್ದರು, ಕೇಳಿ ತಂದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಪಿಸ್ಟ್ ಆಗಿ ಕೂತು ಕಂಡವರ ಸಂಸಾರದ ರಗಳೆಯನ್ನೆಲ್ಲ ತಾರೀಖು ಹಾಕಿ ಬರೆದಿದ್ದೇನೆ. ನನ್ನ ಮನೆಯದನ್ನು ಬರೆಯುವುದಕ್ಕೆ ಯಾರ ಅಪ್ಪಣೆ ಬೇಕು?

ವಿಷಯ ಇಷ್ಟು. ಶನಿವಾರ ಸಂಜೆ ಬಸ್ಸು ಕೆಟ್ಟು ನಿಂತಿತು. ಸ್ಕೂಟರ್ ತರಲಿ ಎಂದು ಇವರಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಕಟ್ ಮಾಡಿ, "ಮೆಸೇಜ್ ಹಾಕು" ಎಂದು ಎರಡೇ ಪದ ಕಳಿಸಿದರು. ಹಾಕಲಿಲ್ಲ. ಕಾಲೆಳೆದುಕೊಂಡು ನಡೆದೇ ಬಂದೆ. ಚಪ್ಪಲಿ ಬಿಡುತ್ತ ಬಾಗಿಲಲ್ಲೇ ಬಾಯಿಗೆ ಬಂದ ಹಾಗೆ ಬೈದೆ. ಇವರು ನನ್ನ ಮುಖವನ್ನೇ ದಿಟ್ಟಿಸಿ ನೋಡುತ್ತ ನಿಂತಿದ್ದು, ಕೊನೆಗೆ "ಸರಿ" ಎಂದು ಒಳಗೆ ಹೋದರು.

ಸರಿಯಂತೆ! ಎರಡು ವರ್ಷದಿಂದ ಇದೇ ಆಗಿದೆ. ಮಕ್ಕಳಿಲ್ಲದ ಮನೆ, ನಾವಿಬ್ಬರೂ ಮಾತಾಡದಿದ್ದರೆ ಇನ್ನು ಗೋಡೆಗಳೇ ಮಾತಾಡಬೇಕು. ಮದುವೆಯಾದ ಹೊಸದರಲ್ಲಿ ಇವರ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು. ಈಗ ಏನು ಕೇಳಿದರೂ ಹೂಂ, ಸರಿ, ಆಯ್ತು. ಇಪ್ಪತ್ನಾಲ್ಕು ಗಂಟೆ ಆ ಮೊಬೈಲು ಕೈಯಲ್ಲಿ.

ತೀರ್ಮಾನ ಮಾಡಿದ್ದೇನೆ. ಈ ತಿಂಗಳು ಮುಗಿಯುವುದರೊಳಗೆ ಈ ಮನೆಗೆ ಮಾತು ವಾಪಸ್ ಬರಬೇಕು. ಬಾರದಿದ್ದರೆ ಮೂವತ್ತನೇ ತಾರೀಖು ಬಟ್ಟೆ ಕಟ್ಟಿಕೊಂಡು ಅಕ್ಕನ ಮನೆಗೆ ಹೋಗುತ್ತೇನೆ. ಅವಳ ಮಹಡಿಯ ಕೋಣೆ ಖಾಲಿ ಇದೆ, ಬಾ ಎಂದು ಅವಳೇ ಹೇಳಿದ್ದಾಳೆ.

ಜೂನ್ 4, ಮಂಗಳವಾರ

ಹೊಸ ಕೆಲಸ ಬಂದು ತಲೆಯ ಮೇಲೆ ಕೂತಿದೆ. ಮೇಷ್ಟ್ರೊಬ್ಬರು ವಿಚ್ಛೇದನ ಕೇಳಿದ್ದಾರೆ. ಅವರ ಹೆಂಡತಿ ನರ್ಸು, ಬೇಡ ಅನ್ನುತ್ತಿದ್ದಾರೆ. ಮೂರು ವರ್ಷ ಒಬ್ಬರಿಗೊಬ್ಬರು ಕಳಿಸಿಕೊಂಡ ಮೆಸೇಜುಗಳನ್ನೆಲ್ಲ ಸಾಕ್ಷಿಯಾಗಿ ಕೊಟ್ಟಿದ್ದಾರೆ. ಮುನ್ನೂರ ನಲವತ್ತು ಪುಟ. ಮುದ್ರಿಸಿದ ಕಾಗದದಲ್ಲಿ ಇಮೋಜಿಗಳೆಲ್ಲ ಮಸಿಯ ಬೊಟ್ಟಾಗಿ ಕೂತಿವೆ, ಮೊಬೈಲಿನ ಪ್ರತಿ ನೋಡಿಯೇ ಗುರುತಿಸಬೇಕು.

ನ್ಯಾಯಾಧೀಶರು ಖಡಾಖಂಡಿತವಾಗಿ ಹೇಳಿದರು. "ಚಿತ್ರಾನೂ ಹೇಳಿಕೆಯೇ ರೀ. ಅದನ್ನೂ ಮಾತಲ್ಲಿ ಬರೀಬೇಕು. ಆದ್ರೆ ನಿಮ್ಮ ವ್ಯಾಖ್ಯಾನ ಬೇಡ. ಕಂಡದ್ದಷ್ಟೇ ಬರೀರಿ."

ಅದನ್ನು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಿನಿಂದ ಬರೆದದ್ದು ಹೀಗಿದೆ: "ಕಣ್ಣಲ್ಲಿ ನೀರು ಬರುವಂತೆ ನಗುವ ಮುಖ, ನಾಲ್ಕು." "ಜೋಡಿಸಿದ ಎರಡು ಕೈ, ಒಂದು." "ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ ಮಂಗ, ಒಂದು."

ಪಕ್ಕದ ಮೇಜಿನ ಗುಮಾಸ್ತರು ಯಾವ ಕೆಲಸ ಕೊಟ್ಟರೂ ನಾಳೆಗೆ ತಳ್ಳುತ್ತಾರೆ, ಅದಕ್ಕೇ ಅವರಿಗೆ 'ವಾಯಿದೆ' ಎಂದು ಹೆಸರು. ಅವರು ಇಣುಕಿ ನೋಡಿ, "ಮೇಡಂ, ಆ ಮಂಗ ಗಂಡೋ ಹೆಣ್ಣೋ ಅಂತ ವಕೀಲರು ಕೇಳಿದ್ರೆ ಏನ್ ಹೇಳ್ತೀರಿ?" ಅಂದರು.

"ಹಾಜರುಪಡಿಸೋಕೆ ಒಂದು ವಾಯಿದೆ ಕೊಡಿ ಅಂತೀನಿ," ಅಂದೆ.

ಮೊದಲ ವರ್ಷ ಮೇಷ್ಟ್ರು ಪುಟಗಟ್ಟಲೆ ಬರೆದಿದ್ದಾರೆ. ಆಮೇಲೆ ನಾಲ್ಕು ಸಾಲು, ಆಮೇಲೆ "ಸರಿ", ಆಮೇಲೆ ಬರೀ "ಸ". ಕೊನೆಗೆ ಅದೂ ಇಲ್ಲ, ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಅಷ್ಟೇ. ಮಾತು ಸೋಪಿನ ಹಾಗೆ ಸವೆದುಹೋಗಿದೆ. ನಮ್ಮ ಮನೆಯ ಕಥೆ ಇವರಿಬ್ಬರಿಗೆ ಯಾರು ಹೇಳಿದರೋ!

ಜೂನ್ 7, ಶುಕ್ರವಾರ

ಮನೆಯಲ್ಲಿ ಕಾನೂನು ಜಾರಿಗೆ ತಂದೆ. ಒಳಗೆ ಕಾಲಿಟ್ಟ ಕೂಡಲೇ ಇಬ್ಬರ ಮೊಬೈಲೂ ಬಿಸ್ಕತ್ತಿನ ಡಬ್ಬಕ್ಕೆ, ಬೆಳಗಿನವರೆಗೆ ಮುಟ್ಟುವಂತಿಲ್ಲ. ಇವರ ಎದುರು ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಜಗಳ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ಮೊಬೈಲನ್ನು ಒಂದು ಕ್ಷಣ ಕೈಯಲ್ಲಿ ಹಿಡಿದುಕೊಂಡಿದ್ದು ಡಬ್ಬಕ್ಕೆ ಹಾಕಿದರು. ಮುಖ ಮಾತ್ರ ಊರುಗೋಲು ಕಿತ್ತುಕೊಂಡವರ ಹಾಗಾಯಿತು. ಚಟ ಅಂದರೆ ಹಾಗೇ.

ಊಟವಾದ ಮೇಲೆ ಪಾತ್ರೆ ತೊಳೆಯುತ್ತ ಮಾತಿಗೆಳೆದೆ. ಕಚೇರಿಯ ಹಳೇ ಜವಾನರು ತೀರಿಕೊಂಡ ಸುದ್ದಿ ಹೇಳಿದೆ. ನನ್ನ ಮದುವೆಯ ಕಾಗದವನ್ನು ಊರೆಲ್ಲ ಹಂಚಿದವರು ಅವರು. ಬೆನ್ನ ಹಿಂದಿನಿಂದ ಇವರು, "ಒಳ್ಳೇದಾಯ್ತು ಬಿಡು," ಅಂದರು.

ಕೈಯಲ್ಲಿದ್ದ ತಟ್ಟೆ ಜಾರಿತು. ಒಡೆಯುವ ತಟ್ಟೆಯಲ್ಲ, ಪುಣ್ಯ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಬಾಳು.

ಜೂನ್ 9, ಭಾನುವಾರ

ಸಾಮಾನು ತರಲು ಹೋಗಿದ್ದೆ, ಬೀಗದ ಕೈ ಮರೆತಿದ್ದೆ. ಬೆಲ್ ಒತ್ತಿದೆ. ಮತ್ತೆ ಒತ್ತಿದೆ. ಕಿಟಕಿಯಿಂದ ನೋಡಿದರೆ ಇವರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ, ಮಹಾರಾಜರ ಹಾಗೆ. ಕಿಟಕಿಯ ಗಾಜಿಗೆ ಕೈಯಿಂದ ಬಡಿದಾಗ ನೆರಳು ಕಂಡು ಎದ್ದು ಬಂದರು. "ಯಾವಾಗ ಬಂದೆ?" ಅಂತ ಬೇರೆ ಕೇಳಿದರು. ಚೀಲವನ್ನು ಇವರ ಕೈಗೆ ಕೊಟ್ಟು ಒಳಗೆ ಹೋದೆ.

ಜೂನ್ 12, ಬುಧವಾರ

ಮಾತಿಲ್ಲ.

ಜೂನ್ 16, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಮಂಚದ ಪಕ್ಕ ನನ್ನ ಪುಸ್ತಕಗಳಿಗೆಂದು ಒಂದು ಗೂಡು ಕೂಡ ಮಾಡಿಸಿದ್ದಾಳೆ. ಅವಳು ಯಾವತ್ತೂ ಹೀಗೇ, ಕೈ ಹಾಕಿದರೆ ಅರ್ಧಕ್ಕೆ ಬಿಡುವುದಿಲ್ಲ.

ಹೊರಡುವಾಗ ಮಾತ್ರ ಒಂದು ಮಾತು ಕೇಳಿದಳು. "ಅಲ್ವೇ, ನಿನ್ನ ಗಂಡ ಬೇರೆಯವ್ರ ಹತ್ರ ಮಾತಾಡ್ತಾನಾ?"

ಯೋಚಿಸಿದೆ. ಇಲ್ಲ. ಮದುವೆ ಮುಂಜಿಗಳಿಗೆ ಕರೆದರೂ ಬರುವುದಿಲ್ಲ. ಬಂದರೂ ಮೂಲೆ ಹಿಡಿದು ಕೂರುತ್ತಾರೆ. "ಜಂಬ," ಅಂದೆ.

"ಜಂಬ ಅಷ್ಟು ತಡವಾಗಿ ಬರುತ್ತಾ? ಐವತ್ತು ದಾಟಿದ ಮೇಲೆ?" ಅಂದಳು ಅಕ್ಕ. ಅವಳಿಗೆ ಯಾರ ಪರ ವಕಾಲತ್ತು ವಹಿಸಬೇಕು ಅನ್ನುವುದೇ ಗೊತ್ತಿಲ್ಲ.

ಜೂನ್ 20, ಗುರುವಾರ

ಇವತ್ತು ನನ್ನ ಮಾನ ಹೋಯಿತು. ಯಾರ ಮುಂದೆಯೂ ಹೇಳಿಕೊಳ್ಳಲಾರೆ, ಇಲ್ಲಿ ಬರೆಯುತ್ತೇನೆ.

ಮೆಸೇಜುಗಳನ್ನು ಗಟ್ಟಿಯಾಗಿ ಓದಬೇಕಿತ್ತು, ಓದುವವಳು ನಾನು. ಮೇಷ್ಟ್ರ ಹೆಂಡತಿ ಬರೆದ ಒಂದು ಸಾಲು ಬಂತು: "ಬಾಗಿಲು ತೆಗೆದೇ ಇಟ್ಟಿರ್ತೀನಿ. ಯಾವಾಗ ಬೇಕಾದ್ರೂ ಬನ್ನಿ." ಓದಿದೆ. ಆಕೆ ಎದ್ದು ನಿಂತರು.

"ಸಾರ್, ನಾನು ಹಾಗೆ ಹೇಳ್ಲಿಲ್ಲ."

"ಇದು ನೀವೇ ಬರೆದದ್ದಲ್ವೇನಮ್ಮಾ?" ಎಂದು ನ್ಯಾಯಾಧೀಶರು ಕೇಳಿದರು.

"ಪದ ನಂದೇ. ದನಿ ನಂದಲ್ಲ. ಈ ಮೇಡಂ ಚುಚ್ಚಿ ಮಾತಾಡಿದ ಹಾಗೆ ಓದ್ತಿದ್ದಾರೆ. ರಾತ್ರಿ ಡ್ಯೂಟಿ ಮುಗಿಸಿ ಬಂದು, ನಮ್ಮನೆಯವ್ರು ಬರ್ತಾರೇನೋ ಅಂತ ನಿಜವಾಗ್ಲೂ ಬಾಗಿಲು ತೆಗೆದಿಟ್ಟು ಕೂತಿದ್ದೆ ನಾನು."

ಇನ್ನೊಮ್ಮೆ ಓದಿ ಎಂದರು. ಓದಿದೆ. ಆಗಲೂ ಆಕೆ ಅಲ್ಲ ಎಂದು ತಲೆಯಾಡಿಸಿದರು. ಮೂರನೆಯ ಸಲ ಅವರಿಂದಲೇ ಓದಿಸಿದರು. ಅದೇ ಆರು ಪದ. ಆಕೆ ಓದಿದಾಗ ಮೇಷ್ಟ್ರು ತಲೆ ತಗ್ಗಿಸಿದರು. ವಾಯಿದೆ ಕೂಡ ಪೆನ್ನು ಕೆಳಗಿಟ್ಟರು.

ಇಪ್ಪತ್ತೆರಡು ವರ್ಷದಲ್ಲಿ ನಾನು ಏನನ್ನೋ ಸೇರಿಸಿದೆ ಎಂದು ಯಾರೂ ಹೇಳಿರಲಿಲ್ಲ. ನಾನು ಸೇರಿಸಿದ್ದು ನಿಜವೇ. ಆ ಹೆಂಗಸಿನ ಬಾಯಿಯಲ್ಲಿ ನನ್ನ ಮನೆಯ ಸಿಟ್ಟನ್ನು ಇಟ್ಟು ಓದಿದ್ದೆ.

ಜೂನ್ 21, ಶುಕ್ರವಾರ

ಆಗಲಿ. ನನ್ನ ಮೇಲೇ ಆರೋಪ ಬಂದ ಮೇಲೆ ದಾಖಲೆಯನ್ನೇ ಮುಂದಿಡೋಣ. ಮೂವತ್ತಕ್ಕೆ ಹೊರಡುವಾಗ ಇವರು "ನಾನೇನು ಮಾಡಿದೆ" ಎಂದು ಕೇಳಿದರೆ ತಾರೀಖು ಸಮೇತ ತೋರಿಸಬೇಕು. ನಾಳೆ ಇವರಿಗೆ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ, ನನಗೆ ರಜೆ. ನಮ್ಮಿಬ್ಬರ ಮೆಸೇಜುಗಳನ್ನು ಎರಡು ವರ್ಷದ ಹಿಂದಿನಿಂದ ಕಚೇರಿಯ ಪದ್ಧತಿಯಲ್ಲೇ ಬರೆದು ಮುಗಿಸುತ್ತೇನೆ. ವ್ಯಾಖ್ಯಾನವಿಲ್ಲ, ಕಂಡದ್ದಷ್ಟೇ.

ಜೂನ್ 22, ಶನಿವಾರ

ಒಂದು ಗಂಟೆಗೆ ಕೂತವಳು ಏಳುವಾಗ ಆರಾಗಿತ್ತು. ಬರೆದದ್ದರಲ್ಲಿ ಸ್ವಲ್ಪ ಇಲ್ಲಿ ಇಳಿಸುತ್ತೇನೆ.

ಮೊದಲ ವರ್ಷ, ಆಗಸ್ಟ್ 8. ಅವರು: "ಹೊಸ ಕಟಿಂಗ್ ಮೆಷಿನ್ ಬಂದು ಮೂರು ತಿಂಗಳಾಯ್ತು. ಅದರ ಸದ್ದು ತಲೆಯೊಳಗೇ ಕೂತ್ಬಿಟ್ಟಿದೆ. ಮನೆಗೆ ಬಂದು ಮಲಗಿದ್ರೂ ನಿಲ್ಲಲ್ಲ." ನಾನು: ಹೆಬ್ಬೆರಳು, ಒಂದು.

ಅಕ್ಟೋಬರ್ 11. ಅವರು: "ಕ್ಯಾಂಟೀನಿನ ಬೆಕ್ಕು ಸೂಪರ್‌ವೈಸರ್ ಕುರ್ಚಿ ಮೇಲೇ ಮರಿ ಹಾಕಿದೆ. ಪಾಪ, ಅವರು ನಿಂತೇ ಹಾಜರಿ ತಗೊಂಡ್ರು. ಬೆಕ್ಕಿಗೆ ಬಡ್ತಿ ಸಿಕ್ಕಿದೆ ಅಂತ ಎಲ್ಲರೂ ನಗ್ತಿದ್ರು. ನೀನಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದೆ." ನಾನು: ಹೆಬ್ಬೆರಳು, ಒಂದು.

ಡಿಸೆಂಬರ್ 2. ಅವರು: "ಬೆಳಿಗ್ಗೆ ಬಾಗಿಲ ಹತ್ರ ನೀನು ಏನೋ ಹೇಳ್ದೆ. ನಾನು ಸುಮ್ನೆ ತಲೆ ಆಡಿಸ್ಬಿಟ್ಟೆ. ಏನು ಹೇಳ್ದೆ ಅಂತ ಇಲ್ಲಿ ಬರೀತೀಯಾ?" ನಾನು: ಹೆಬ್ಬೆರಳು, ಒಂದು.

ಇದನ್ನು ಬರೆದು ಮತ್ತೆ ಮೊದಲಿನಿಂದ ಓದಿದೆ. ಏನು ಹೇಳ್ದೆ ಅಂತ ಬರೀತೀಯಾ ಎಂದು ಕೇಳಿದವರಿಗೆ ಹೆಬ್ಬೆರಳು ತೋರಿಸಿದ್ದೇನೆ. ಓದದೆಯೇ ಒತ್ತಿದ್ದೇನೆ.

ಎರಡು ವರ್ಷದಲ್ಲಿ ಇವರು ನನಗೆ ಬರೆದದ್ದು ಆರುನೂರ ಹನ್ನೆರಡು ಮೆಸೇಜು. ಅದರಲ್ಲಿ ನಾನು ಪದಗಳಲ್ಲಿ ಉತ್ತರ ಕೊಟ್ಟದ್ದು ನಲವತ್ತೊಂದಕ್ಕೆ. ಅದರಲ್ಲೂ ಅರ್ಧ "ಹಾಲು ತನ್ನಿ". ಉಳಿದದ್ದೆಲ್ಲ ಹೆಬ್ಬೆರಳು. ಮೇಷ್ಟ್ರ ಮಾತು ತಿಂಗಳು ತಿಂಗಳಿಗೆ ಸವೆದಿತ್ತು. ಇವರದು ತಿಂಗಳು ತಿಂಗಳಿಗೆ ಬೆಳೆದಿದೆ. ಎರಡು ಸಾಲು ಇದ್ದದ್ದು ಹತ್ತಾಗಿದೆ, ಹದಿನೈದಾಗಿದೆ. ಸವೆದದ್ದು ನನ್ನದು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದವಳು ನಾನೇ.

ದಿನವಿಡೀ ಪದಗಳನ್ನೇ ಕುಟ್ಟಿದ ಬೆರಳು, ಮತ್ತೆ ಪದ ಬರೆಯುವುದಕ್ಕೆ ಬೇಸರ. ಅದು ಕಾರಣ. ಕಾರಣ ಬರೆದೆ ಅಂದ ಮಾತ್ರಕ್ಕೆ ತಪ್ಪು ಕಡಿಮೆಯಾಗುವುದಿಲ್ಲ.

ಇನ್ನೊಂದು ಕಂಡಿತು. ಅದೇ ಆಗಸ್ಟ್‌ವರೆಗೆ ಇವರು ದಿನಾ ಸಂಜೆ ಚಹಾದ ಹೊತ್ತಿಗೆ ನನಗೆ ಫೋನ್ ಮಾಡುತ್ತಿದ್ದರು. ಆಮೇಲೆ ಒಂದು ಕರೆಯೂ ಇಲ್ಲ. ಕರೆ ನಿಂತ ವಾರದಿಂದಲೇ ಮೆಸೇಜು ಉದ್ದವಾಗಿದೆ. ಎರಡೂ ತಾರೀಖನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಬೆಲ್ ಒತ್ತಿದರೆ ಏಳದವರು. ಬೆನ್ನ ಹಿಂದೆ ಕೂತು "ಒಳ್ಳೇದಾಯ್ತು" ಅಂದವರು. ಬೈದರೆ ನನ್ನ ಬಾಯಿಯನ್ನೇ ನೋಡುತ್ತ ನಿಂತವರು.

ಇವರಿಗೆ ಕಿವಿ ಕೇಳಿಸುತ್ತಿಲ್ಲ.

ಅಂಥವರ ಕೈಯಿಂದ ಮೊಬೈಲು ಕಿತ್ತು ಡಬ್ಬಕ್ಕೆ ಹಾಕಿದ್ದೆನಲ್ಲ. ನನಗೆ ನಾಚಿಕೆಯಾಗುತ್ತಿದೆ.

ಜೂನ್ 23, ಭಾನುವಾರ

ಬೆಳಿಗ್ಗೆ ಇವರು ಹಿತ್ತಲ ಬಾಗಿಲಲ್ಲಿ ಕೂತು ಸ್ಕೂಟರಿನ ಕನ್ನಡಿ ಒರೆಸುತ್ತಿದ್ದರು. ಹಿಂದೆ ಮೂರು ಹೆಜ್ಜೆ ದೂರದಲ್ಲಿ ನಿಂತು, "ರೀ," ಅಂದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಅಂದೆ. ಕನ್ನಡಿ ಒರೆಸುತ್ತಲೇ ಇದ್ದರು. ಆ ಕನ್ನಡಿಯಲ್ಲೇ ನಾನು ಕಂಡು, ಬೆಚ್ಚಿ ತಿರುಗಿದರು. ನನ್ನ ಮುಖ ನೋಡಿದ ಕೂಡಲೇ ಇವರಿಗೆ ಎಲ್ಲ ಗೊತ್ತಾಯಿತು.

ಎದುರಿಗೆ ಕೂತೆ. ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಕೂತು ನಿಧಾನವಾಗಿ ಕೇಳಿದೆ. "ಯಾಕೆ ಹೇಳ್ಲಿಲ್ಲ?"

ಬಹಳ ಹೊತ್ತು ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. ಆಮೇಲೆ ಅಂದರು, "ಮೆಷಿನ್ ಸದ್ದು ಇವತ್ತಿಗೂ ಕೇಳ್ಸತ್ತೆ ಕಣೇ. ಲಾರಿ ಕೇಳ್ಸತ್ತೆ. ಸೂಪರ್‌ವೈಸರ್ ಕೂಗಿದ್ರೆ ಅಷ್ಟೋ ಇಷ್ಟೋ ಕೇಳ್ಸತ್ತೆ. ಎಲ್ಲಕ್ಕಿಂತ ಮೊದ್ಲು ಹೋಗಿದ್ದು ನಿನ್ನ ದನಿ. ತೆಳು ದನಿಗಳು ಮೊದ್ಲು ಹೋಗ್ತವಂತೆ. ಹೆಂಡ್ತಿಗೆ ಅದನ್ನ ಹೇಗೆ ಹೇಳೋದು?"

ನನಗೆ ಅಳು ಬಂತು. ಅಳುತ್ತ ಮಾತಾಡಿದರೆ ತುಟಿ ಸರಿಯಾಗಿ ಕಾಣುವುದಿಲ್ಲ ಎಂದು ತಡೆದುಕೊಂಡೆ.

"ಅದಕ್ಕೇ ಬರೀತಿದ್ದೆ," ಅಂದರು. "ಬರೆದ್ರೆ ನಾನು ಮೊದಲಿನ ಹಾಗೇ ಇರ್ತೀನಿ ಅನ್ನಿಸ್ತಿತ್ತು."

ಡಾಕ್ಟರ ಹತ್ತಿರ ಹೋಗೋಣ ಅಂದೆ. ಖಂಡಿತ ಬರುವುದಿಲ್ಲ ಅಂದರು. ಕಿವುಡ ಎಂದು ಕಾಗದದ ಮೇಲೆ ಬಿದ್ದರೆ ಮೆಷಿನ್ನಿನಿಂದ ಇಳಿಸಿ ಗೋದಾಮಿಗೆ ಹಾಕುತ್ತಾರೆ, ಇಪ್ಪತ್ತೇಳು ವರ್ಷ ಮೆಷಿನ್ ನಡೆಸಿದವನು ಪೆಟ್ಟಿಗೆ ಎಣಿಸುತ್ತ ಕೂರಬೇಕಾ ಅಂದರು. ಎದ್ದು ಹೋದರು.

ಹೋಗಲಿ. ಕಾಗದ ಯಾವುದು, ಸಾಕ್ಷಿ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನೂ ಬಿಡುವವಳಲ್ಲ.

ಜೂನ್ 25, ಮಂಗಳವಾರ

ಬಿಸ್ಕತ್ತಿನ ಡಬ್ಬದಲ್ಲಿ ಈಗ ಬಿಸ್ಕತ್ತು ಇದೆ.

ಇವರ ಜೊತೆ ಮೆಸೇಜಿನಲ್ಲೇ ಜಗಳ ನಡೆದಿದೆ. ನಾನು ಕೋಣೆಯಲ್ಲಿ, ಇವರು ಅಡುಗೆಮನೆಯಲ್ಲಿ. "ಬರಲ್ಲ" ಎಂದು ಬರೆದರು. "ನಿಮ್ಮ ಕಿವಿ ನಿಮ್ಮೊಬ್ಬರದೇ ಅಲ್ಲ, ಅದರಲ್ಲಿ ನನಗೂ ಪಾಲಿದೆ" ಎಂದು ಬರೆದೆ. ಆಮೇಲೆ ಬಂತು: "ಪಾಲು ಎಷ್ಟು?" "ಎರಡರಲ್ಲಿ ಒಂದು." ಅಡುಗೆಮನೆಯಲ್ಲಿ ನಗುವುದು ಕೇಳಿಸಿತು. ಇವರು ಗಟ್ಟಿಯಾಗಿ ನಕ್ಕು ಎಷ್ಟು ದಿನವಾಗಿತ್ತೋ, ನಾನು ಲೆಕ್ಕ ಇಟ್ಟಿಲ್ಲ.

ಸೋಮವಾರ ಹನ್ನೊಂದಕ್ಕೆ ಪರೀಕ್ಷೆಗೆ ಸಮಯ ತೆಗೆದುಕೊಂಡಿದ್ದೇನೆ. ಒಪ್ಪಿದರು ಎಂದಲ್ಲ. ಇಲ್ಲ ಎನ್ನುವುದನ್ನು ನಿಲ್ಲಿಸಿದರು.

ಜೂನ್ 27, ಗುರುವಾರ

ಊಟದ ಬಿಡುವಿನಲ್ಲಿ ಜಗಲಿಯ ಮೆಟ್ಟಿಲಲ್ಲಿ ಕೂತು ಇವರಿಗೆ ಬರೆದೆ. ಬೆರಳು ಹೆಬ್ಬೆರಳಿನ ಗುರುತಿನ ಕಡೆಗೇ ಓಡುತ್ತದೆ, ಎಳೆದು ತರಬೇಕು. ಮೊದಲ ಸಾಲು ಬರೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಇಪ್ಪತ್ತೆರಡು ವರ್ಷ ಬೇರೆಯವರು ಹೇಳಿದ್ದನ್ನು ಬರೆದವಳಿಗೆ ಸ್ವಂತದ್ದು ಒಂದು ವಾಕ್ಯ ಬರಬೇಡವೇ! ಕೊನೆಗೆ ವಾಯಿದೆಯ ಛತ್ರಿಯ ಕಥೆ ಬರೆದೆ. ಮಳೆ ನಿಂತ ಮೇಲೆ ರಿಪೇರಿ ಮಾಡಿಸುತ್ತೇನೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದಾರೆ. ಬರೆಯುತ್ತ ಹೋದ ಹಾಗೆ ಉದ್ದವಾಯಿತು. ಗಂಟೆ ಹೊಡೆದದ್ದು ಗೊತ್ತಾಗಲಿಲ್ಲ.

"ಮೇಡಂ, ಸಾಹೇಬ್ರು ಕರೀತಿದ್ದಾರೆ, ಯಾರಿಗೆ ಅಷ್ಟುದ್ದ ಕಾಗದ?" ಅಂದರು ವಾಯಿದೆ.

"ನಮ್ಮ ಮನೆಯವ್ರಿಗೆ."

"ಸಂಜೆ ಮನೆಗೆ ಹೋದ ಮೇಲೆ ಹೇಳಿದ್ರಾಯ್ತಪ್ಪ."

"ಮುಂದಕ್ಕೆ ಹಾಕೋ ಅಭ್ಯಾಸ ನಿಮ್ದು," ಅಂದೆ.

ಜುಲೈ 1, ಸೋಮವಾರ

ಬಂದರು. ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡೇ ಬಂದರು, ಆದರೂ ಬಂದರು.

ಸಣ್ಣ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದಾರೆ. ಕಿವಿ ಪರೀಕ್ಷೆ ಮಾಡುವ ಹುಡುಗಿ ಯಂತ್ರದಿಂದ ಏನೇನೋ ಸದ್ದು ಕೇಳಿಸಿ ಒಂದು ಗೆರೆ ಎಳೆದಳು. ಗೆರೆ ಎಡದಿಂದ ಬಲಕ್ಕೆ ಹೋಗುತ್ತ ಕೆಳಕ್ಕೆ ಬಿದ್ದಿತ್ತು. ಬಿದ್ದ ಕಡೆಯಲ್ಲೇ ಮಾತು ಇರುತ್ತದಂತೆ. ಪೂರ್ತಿ ಹೋಗಿಲ್ಲ, ಉಪಕರಣ ಹಾಕಿದರೆ ಬಹಳ ಮಟ್ಟಿಗೆ ಸಿಗುತ್ತದೆ, ಮೆಷಿನ್ ಹತ್ತಿರ ಕಿವಿಗೆ ರಕ್ಷಣೆ ಹಾಕಿಕೊಂಡು ಕೆಲಸವನ್ನೂ ಮಾಡಬಹುದು ಅಂದಳು. ಕಾರ್ಖಾನೆಗೆ ಕಾಗದ ಬರೆದುಕೊಡುತ್ತೇನೆ ಅಂದಳು. ಇವರು ನನ್ನ ಕಡೆ ನೋಡಿದರು. ಆ ಕಾಗದವನ್ನು ಎಲ್ಲಿ, ಯಾರ ಮುಂದೆ, ಹೇಗೆ ಇಡಬೇಕು ಎಂದು ನಾನು ಆಗಲೇ ಯೋಚಿಸುತ್ತಿದ್ದೆ.

ಆಮೇಲೆ ಇವರ ಎರಡೂ ಕಿವಿಗೆ ಉಪಕರಣ ಕೂರಿಸಿ, ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು. ನನ್ನನ್ನು ಹಿಂದೆ ನಿಲ್ಲಿಸಿದಳು. "ಈಗ ಪರಿಚಯದ ದನಿ ಬೇಕು ಆಂಟಿ. ಮನೇಲಿ ದಿನಾ ಇವರಿಗೆ ಏನು ಹೇಳ್ತೀರೋ ಅದನ್ನೇ ಹೇಳಿ. ಕೂಗ್ಬೇಡಿ, ಮಾಮೂಲಿ ದನೀಲಿ."

ಬಾಯಿ ತೆರೆದೆ. ಏನೂ ಬರಲಿಲ್ಲ. ದಿನಾ ಹೇಳುವ ಮಾತು ಯಾವುದು? ಹುಡುಗಿ ಕಾಯುತ್ತಿದ್ದಳು. ಇವರ ಬೆನ್ನು ಕಾಯುತ್ತಿತ್ತು. ಮನೆಯಲ್ಲಿ ದಿನಾ ಹೇಳುವ ಮಾತು ಒಂದೂ ಇಲ್ಲದ ಹೆಂಡತಿಯಾಗಿ ನಿಂತಿದ್ದೆ.

ಮೊಬೈಲು ತೆಗೆದೆ. ಪಟ್ಟಿ ಮಾಡುವಾಗ ಗುರುತು ಹಾಕಿಟ್ಟುಕೊಂಡಿದ್ದ ಒಂದು ಮೆಸೇಜು ಹುಡುಕಿದೆ, ಹೋದ ವರ್ಷದ ಏಪ್ರಿಲಿನದು. ಓದುವ ಮೊದಲು ಒಂದು ಸಲ ಮನಸ್ಸಿನಲ್ಲೇ ಇವರ ದನಿಯಲ್ಲಿ ಓದಿಕೊಂಡೆ. ಇವರ ಹಳೆಯ ದನಿಯಲ್ಲಿ. ಆಮೇಲೆ ಗಟ್ಟಿಯಾಗಿ ಓದಿದೆ.

"ಕೆರೆ ದಂಡೆ ಮೇಲೆ ಹೊಸ ಬೆಂಚು ಹಾಕಿದ್ದಾರೆ. ಇವತ್ತು ಸಂಜೆ ಬರ್ತೀಯಾ? ಮಾತಾಡ್ಲೇಬೇಕು ಅಂತೇನಿಲ್ಲ. ಸುಮ್ನೆ ಜೊತೇಲಿ ಕೂರೋಣ."

ಇವರ ಭುಜ ಅಲುಗಿತು. ಗೋಡೆಯನ್ನೇ ನೋಡುತ್ತ, "ಅದು ನಾನು ಬರ್ದಿದ್ದು," ಅಂದರು.

ಹುಡುಗಿ ಖುಷಿಯಿಂದ ಏನೋ ಗುರುತು ಹಾಕಿಕೊಂಡಳು.

"ಹೌದು," ಅಂದೆ.

"ನೀನು ಹೆಬ್ಬೆರಳು ಹಾಕಿದ್ದೆ. ಬರ್ತೀಯ ಅಂದ್ಕೊಂಡೆ. ಏಳು ಗಂಟೆವರೆಗೂ ಕೂತಿದ್ದೆ."

ಆ ದಿನ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಒಂದೂ ನೆನಪಿಲ್ಲ. ಆ ಸಂಜೆ ಮನೆಗೆ ಬಂದವರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಬೆನ್ನ ಹಿಂದೆ ನಿಂತೇ, ಮಾಮೂಲಿ ದನಿಯಲ್ಲಿ ಹೇಳಿದೆ. "ತಪ್ಪಾಯ್ತು ರೀ. ಇವತ್ತು ಬರ್ತೀನಿ. ಕೇಳಿಸ್ತಾ?"

"ಕೇಳಿಸ್ತು," ಅಂದರು. ಕಣ್ಣೊರೆಸಿಕೊಂಡರು. "ಆದ್ರೂ ಬರೆದು ಕಳ್ಸು. ಇಟ್ಕೊಳ್ತೀನಿ."

ಅಲ್ಲೇ ನಿಂತು, ಒಂದಕ್ಷರ ಬಿಡದೆ ಬರೆದೆ: "ಬರ್ತೀನಿ. ನೀವು ಮೊದಲೇ ಹೋಗಿ ಕಾಯಬೇಡಿ. ಜೊತೆಗೇ ಹೋಗೋಣ."